ಕೆಲಸ 140 ಸೆಕೆಂಡ್, ಕಾಯುವುದು 24 ದಿನ: ವ್ಯಾಲ್ಯೂ ಸ್ಟ್ರೀಮ್ ಮ್ಯಾಪಿಂಗ್ ಅಂದರೇನು?

"ಮುಂದಿನ ವಾರ ನಮ್ಮ ಲೈನಿನಲ್ಲಿ ವಿಎಸ್‌ಎಂ ಇದೆ, ಎಲ್ಲರೂ ಬರಬೇಕು" ಅಂತ ಒಂದು ಮೆಸೇಜ್ ಬರುತ್ತದೆ. ವಿಎಸ್‌ಎಂ ಅಂದರೆ ವ್ಯಾಲ್ಯೂ ಸ್ಟ್ರೀಮ್ ಮ್ಯಾಪಿಂಗ್. ಹೋಗಿ ನೋಡಿದರೆ ಗೋಡೆ ಮೇಲೆ ದೊಡ್ಡ ಹಾಳೆ. ಅದರ ತುಂಬ ತ್ರಿಕೋನ, ಬಾಣ, ಚೌಕ. ಸೈಕಲ್ ಟೈಮ್, ಟ್ಯಾಕ್ಟ್ ಟೈಮ್, ಲೀಡ್ ಟೈಮ್ ಅಂತ ಮಾತು ನಡೆದಿರುತ್ತದೆ. ಎಲ್ಲರ ಜೊತೆ ತಲೆಯಾಡಿಸಿ ಎದ್ದು ಬರುತ್ತೇವೆ. ಆದರೆ ಇದನ್ನು ಯಾಕೆ ಬಿಡಿಸಿದರು, ಇದರಿಂದ ಏನು ಗೊತ್ತಾಯಿತು ಅಂತ ಯಾರಾದರೂ ಕೇಳಿದರೆ ಉತ್ತರ ಬಾಯಿಗೆ ಬರುವುದಿಲ್ಲ.

ಅಸಲಿಗೆ ಇದಕ್ಕೆ ಬೇಕಾದ ಗಣಿತ ಭಾಗಾಕಾರ ಮಾತ್ರ. ಬೇಕಾದ ಸಾಮಾನು ಒಂದು ಪೆನ್ಸಿಲ್, ಒಂದು ರಬ್ಬರ್, ಒಂದು ಎ3 ಹಾಳೆ, ಒಂದು ಸ್ಟಾಪ್‌ವಾಚ್. ಬುಡದಿಂದ ನೋಡೋಣ.

ಹೆಸರಿನಲ್ಲಿರುವ ಮೂರು ಮಾತು

ಮೊದಲನೆಯದು ವ್ಯಾಲ್ಯೂ. ಗ್ರಾಹಕ ಯಾವುದಕ್ಕೆ ದುಡ್ಡು ಕೊಡುತ್ತಾನೋ ಅದು ವ್ಯಾಲ್ಯೂ. ತಗಡಿಗೆ ಆಕಾರ ಕೊಡುವುದು, ತೂತು ಕೊರೆಯುವುದು, ವೆಲ್ಡ್ ಮಾಡುವುದು, ಇವಕ್ಕೆ ದುಡ್ಡು ಕೊಡುತ್ತಾನೆ. ಅದೇ ತಗಡನ್ನು ಟ್ರಾಲಿಯಲ್ಲಿ ಆ ಮೂಲೆಯಿಂದ ಈ ಮೂಲೆಗೆ ತಳ್ಳಿದ್ದಕ್ಕೆ ಕೊಡುವುದಿಲ್ಲ.

ಎರಡನೆಯದು ಸ್ಟ್ರೀಮ್, ಅಂದರೆ ಹರಿವು. ಕಚ್ಚಾ ಮಾಲು ಒಳಗೆ ಬಂದ ಬಾಗಿಲಿನಿಂದ ಸಿದ್ಧ ಮಾಲು ಹೊರಗೆ ಹೋಗುವ ಬಾಗಿಲಿನ ತನಕ ನಡೆಯುವುದೆಲ್ಲ ಇದರಲ್ಲಿ ಸೇರುತ್ತದೆ. ಬೇಕಾದ ಕೆಲಸ, ಬೇಡದ ಕೆಲಸ, ಸುಮ್ನೆ ಕಾದು ಕೂತದ್ದು, ಎಲ್ಲವೂ.

ಮೂರನೆಯದು ಮ್ಯಾಪ್. ಈ ಹರಿವನ್ನು ಒಂದೇ ಹಾಳೆಯಲ್ಲಿ ಎಲ್ಲರಿಗೂ ಕಾಣುವಂತೆ ಬಿಡಿಸುವುದು.

ಒಂದು ಅರ್ಜಿಯನ್ನು ನೆನೆಸಿಕೊಳ್ಳಿ. ಗುಮಾಸ್ತರು ಅದನ್ನು ನೋಡುವುದಕ್ಕೆ ಮೂರು ನಿಮಿಷ, ಮೇಲಿನವರ ಸಹಿಗೆ ಅರ್ಧ ನಿಮಿಷ, ಸೀಲ್ ಹೊಡೆಯಲು ಹತ್ತು ಸೆಕೆಂಡ್. ಆದರೂ ಕಾಗದ ನಿಮ್ಮ ಕೈಗೆ ಬರುವುದು ಹನ್ನೆರಡು ದಿನಕ್ಕೆ. ಗುಮಾಸ್ತರು ಇನ್ನೂ ಬೇಗ ಓದಲಿ ಅಂದರೆ ಎಷ್ಟು ಉಳಿಯುತ್ತದೆ? ಒಂದು ನಿಮಿಷ. ಹನ್ನೆರಡು ದಿನ ಹೋಗಿರುವುದು ಒಂದು ಟೇಬಲ್ಲಿಂದ ಇನ್ನೊಂದು ಟೇಬಲ್ಲಿಗೆ ಹೋಗುವ ನಡುವೆ, ಕಡತದ ರಾಶಿಯಲ್ಲಿ. ಕಾರ್ಖಾನೆಯಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ.

ಇದು ಎಲ್ಲಿಂದ ಬಂತು

ಬೇರು ಇರುವುದು ಜಪಾನಿನ ಟೊಯೋಟಾ ಕಂಪನಿಯಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅವರ ಹತ್ತಿರ ದುಡ್ಡು, ಜಾಗ, ಮಾಲು ಎಲ್ಲವೂ ಕಮ್ಮಿ. ತಯಾರಿಸಿ ಗುಡ್ಡೆ ಹಾಕಿಕೊಳ್ಳುವಷ್ಟು ಅನುಕೂಲ ಇರಲಿಲ್ಲ. ಅಲ್ಲಿನ ಎಂಜಿನಿಯರ್ ತೈಚಿ ಓನೋ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ತಿದ್ದಿ ತಿದ್ದಿ ಕಟ್ಟಿದ ಪದ್ಧತಿಯೇ ಟೊಯೋಟಾ ಪ್ರೊಡಕ್ಷನ್ ಸಿಸ್ಟಮ್. ಇಂಥ ಪದ್ಧತಿಗೆ "ಲೀನ್" ಅಂತ ಹೆಸರಿಟ್ಟವರು ಜಾನ್ ಕ್ರಾಫ್ಸಿಕ್, 1988ರ ಒಂದು ಲೇಖನದಲ್ಲಿ. ಲೀನ್ ಅಂದರೆ ಬೊಜ್ಜಿಲ್ಲದ ಮೈ.

ಟೊಯೋಟಾದವರು ಇಂಥ ನಕ್ಷೆಯನ್ನು "ಮಾಲು ಮತ್ತು ಮಾಹಿತಿಯ ಹರಿವು" ಅಂತ ಕರೆಯುತ್ತಿದ್ದರು. ಮೈಕ್ ರೋಥರ್ ಮತ್ತು ಟೊಯೋಟಾದಲ್ಲಿ ಕೆಲಸ ಮಾಡಿದ್ದ ಜಾನ್ ಶುಕ್ 1998ರಲ್ಲಿ ಒಂದು ಕೈಪಿಡಿ ಬರೆದರು. ವ್ಯಾಲ್ಯೂ ಸ್ಟ್ರೀಮ್ ಮ್ಯಾಪಿಂಗ್ ಎಂಬ ಹೆಸರು ಲೋಕಕ್ಕೆಲ್ಲ ಹರಡಿದ್ದು ಅಲ್ಲಿಂದ. ನನಗೆ ಹಳೆಯ ಹೆಸರೇ ಹೆಚ್ಚು ಇಷ್ಟ. ಅದರಲ್ಲಿ "ಮಾಹಿತಿ" ಎಂಬ ಮಾತು ಇದೆ. ಅದು ಯಾಕೆ ಮುಖ್ಯ ಅಂತ ಮುಂದೆ ಗೊತ್ತಾಗುತ್ತದೆ.

ವೇಸ್ಟ್ ಅಂದರೆ ಬರೀ ಸ್ಕ್ರ್ಯಾಪ್ ಅಲ್ಲ

ವೇಸ್ಟ್ ಅಂದ ಕೂಡಲೇ ನಮಗೆ ಕಾಣುವುದು ಸ್ಕ್ರ್ಯಾಪ್ ಡಬ್ಬಿ. ಓನೋ ಪಟ್ಟಿಯಲ್ಲಿ ಏಳು ಬಗೆ ಇವೆ. ಬೇಡಿಕೆಗಿಂತ ಹೆಚ್ಚು ಅಥವಾ ಮುಂಚೆ ತಯಾರಿಸುವುದು, ಕಾಯುವುದು, ಸುಮ್ಮನೆ ಸಾಗಿಸುವುದು, ಬೇಕಿಲ್ಲದ ಸಂಸ್ಕರಣೆ, ದಾಸ್ತಾನು, ಕೈಕಾಲಿನ ಅನಗತ್ಯ ಓಡಾಟ, ದೋಷದ ಮಾಲು. ಜಪಾನಿ ಭಾಷೆಯಲ್ಲಿ ಇವಕ್ಕೆ ಮುದಾ ಅನ್ನುತ್ತಾರೆ.

ಇದರಲ್ಲಿ ಅತಿ ಕೆಟ್ಟದ್ದು ಮೊದಲನೆಯದು ಅಂತ ಓನೋ ಹೇಳುತ್ತಿದ್ದರು. ಹೇಗೆ ಅಂತ ನೋಡಿ. ಇವತ್ತು ಬೇಕಾದ್ದು 600 ಪೀಸ್, ಮಷಿನ್‌ನಲ್ಲಿ ಹೊಡೆದದ್ದು 4,800. ಉಳಿದ 4,200 ಇಡಲು ಜಾಗ ಬೇಕು, ಬಿನ್ (ಮಾಲು ತುಂಬುವ ದೊಡ್ಡ ಡಬ್ಬಿ) ಬೇಕು. ಆ ಬಿನ್ ಎತ್ತಲು ಫೋರ್ಕ್‌ಲಿಫ್ಟ್ ಬೇಕು. ಎಣಿಸಲು ಒಬ್ಬರು, ಬರೆದಿಡಲು ಒಬ್ಬರು ಬೇಕು. ಡೈನಲ್ಲಿ, ಅಂದರೆ ತಗಡಿಗೆ ಆಕಾರ ಕೊಡುವ ಅಚ್ಚಿನಲ್ಲಿ, ಸಣ್ಣ ಬಿರುಕು ಬಿಟ್ಟಿದ್ದರೆ ಅದು ತಿಳಿಯುವುದು ವಾರದ ನಂತರ, ಮುಂದಿನ ಮಷಿನ್‌ನವರು ಆ ಬಿನ್ ತೆಗೆದಾಗ. ಅಷ್ಟರಲ್ಲಿ 4,800ರಲ್ಲೂ ಅದೇ ತಪ್ಪು. ಒಂದು ವೇಸ್ಟ್ ಉಳಿದ ಆರನ್ನೂ ಕೈಹಿಡಿದು ಕರೆತಂದಿತು.

ಆದರೆ ಗ್ರಾಹಕ ದುಡ್ಡು ಕೊಡದ ಕೆಲಸವನ್ನೆಲ್ಲ ನಾಳೆಯೇ ನಿಲ್ಲಿಸಲು ಆಗುವುದಿಲ್ಲ. ಡೈ ಬದಲಾಯಿಸುವುದು, ಸುರಕ್ಷತೆಯ ತಪಾಸಣೆ ಇವೆಲ್ಲ ಸದ್ಯಕ್ಕೆ ಬೇಕು. ಇಂಥವನ್ನು ಆದಷ್ಟು ಚಿಕ್ಕದು ಮಾಡಬೇಕು. ಯಾರಿಗೂ ಉಪಯೋಗ ಇಲ್ಲದ್ದನ್ನು ತೆಗೆಯಬೇಕು. ಈ ಎರಡರ ಗೆರೆ ಎಲ್ಲಿದೆ ಅಂತ ನೋಡಲು ನಕ್ಷೆ ಬೇಕಾಗುತ್ತದೆ.

ಹಾಳೆ ಹಿಡಿಯುವ ಮೊದಲು: ಒಂದೇ ಬಗೆ, ಒಂದು ಲಯ

ಇಡೀ ಕಾರ್ಖಾನೆಯನ್ನು ಒಂದೇ ಹಾಳೆಗೆ ಇಳಿಸಲು ಹೋದರೆ ಜೇಡರ ಬಲೆ ಆಗುತ್ತದೆ. ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ, ಒಂದೇ ತರಹದ ಮಷಿನ್‌ಗಳ ಮೇಲೆ ಸಾಗುವ ಉತ್ಪನ್ನಗಳ ಒಂದು ಗುಂಪನ್ನು ಮಾತ್ರ ಆರಿಸಿಕೊಳ್ಳಬೇಕು.

ವಿಷಯ ತಿಳಿಯಲಿ ಅಂತ ಒಂದು ಉಕ್ಕಿನ ಬ್ರಾಕೆಟ್ ತೆಗೆದುಕೊಳ್ಳೋಣ. ಅಂಕಿಗಳು ನಾನೇ ಹಾಕಿಕೊಂಡವು. ದಾರಿ ಹೀಗೆ: ಪ್ರೆಸ್ (ತಗಡನ್ನು ಡೈನಲ್ಲಿ ಒತ್ತಿ ಆಕಾರ ಕೊಡುವುದು), ಡ್ರಿಲ್ಲಿಂಗ್, ವೆಲ್ಡಿಂಗ್, ಅಸೆಂಬ್ಲಿ, ಪ್ಯಾಕಿಂಗ್. ಗ್ರಾಹಕನಿಗೆ ದಿನಕ್ಕೆ 600 ಬೇಕು. ಒಂದೇ ಶಿಫ್ಟ್.

ಮೊದಲ ಲೆಕ್ಕ ಟ್ಯಾಕ್ಟ್ ಟೈಮ್. ಇದು ಜರ್ಮನ್ ಮಾತು, ಸಂಗೀತದ ತಾಳ ಅಂತ ಅರ್ಥ ಬರುತ್ತದೆ. ಗ್ರಾಹಕ ಎಷ್ಟು ಸೆಕೆಂಡಿಗೆ ಒಂದು ಕೇಳುತ್ತಿದ್ದಾನೆ ಅನ್ನುವ ಲೆಕ್ಕ. ಶಿಫ್ಟ್ 480 ನಿಮಿಷ, ಬಿಡುವು 30 ನಿಮಿಷ. ಉಳಿದದ್ದು 450 ನಿಮಿಷ, ಅಂದರೆ 27,000 ಸೆಕೆಂಡ್. ಅದನ್ನು 600ರಿಂದ ಭಾಗಿಸಿದರೆ 45. ಪ್ರತಿ 45 ಸೆಕೆಂಡಿಗೆ ಒಂದು ಬ್ರಾಕೆಟ್ ಹೊರಗೆ ಬೀಳಬೇಕು. ಅದಕ್ಕಿಂತ ನಿಧಾನವಾದರೆ ಓವರ್‌ಟೈಮ್, ವೇಗವಾದರೆ ಗುಡ್ಡೆ.

ಹಿಂದಿನ ಬಾಗಿಲಿನಿಂದ ನಡೆಯುವುದು

ನಕ್ಷೆ ಬಿಡಿಸುವವರು ಡಿಸ್ಪ್ಯಾಚ್ ಬಾಗಿಲಲ್ಲಿ ಶುರು ಮಾಡಿ ಹಿಂದಕ್ಕೆ ನಡೆಯುತ್ತಾರೆ. ಪ್ಯಾಕಿಂಗ್, ಅಸೆಂಬ್ಲಿ, ವೆಲ್ಡಿಂಗ್, ಹೀಗೆ ಸ್ಟೋರ್ ತನಕ. ಮಾಲು ಹೋಗುವ ದಿಕ್ಕಿನಲ್ಲೇ ನಡೆದರೆ ನಮ್ಮ ತಲೆಯಲ್ಲಿ ಬರುವ ಪ್ರಶ್ನೆ "ಇದನ್ನು ಎಲ್ಲಿಗೆ ಕಳಿಸೋದು?" ಅಂತ. ಗ್ರಾಹಕನ ಕಡೆಯಿಂದ ಬಂದರೆ "ಇದು ಬೇಕಾದಾಗ ಸಿಗುತ್ತಾ? ಯಾರು ಕೊಡುತ್ತಾರೆ?" ಅಂತ ಕೇಳುತ್ತೇವೆ. ಪ್ರಶ್ನೆ ಬದಲಾದರೆ ಕಣ್ಣಿಗೆ ಬೀಳುವುದೂ ಬದಲಾಗುತ್ತದೆ.

ಸಮಯವನ್ನು ಫೈಲ್‌ನಿಂದ ತೆಗೆಯಬಾರದು, ನಿಂತು ಅಳೆಯಬೇಕು. ಡ್ರಿಲ್ಲಿಂಗ್ ಮಷಿನ್ ಪಕ್ಕ ಹೋಗಿ ನಿಲ್ಲೋಣ. ಆಪರೇಟರ್ ಸ್ಟಾಪ್‌ವಾಚ್ ನೋಡಿದ ಕೂಡಲೇ ಕೈ ಜೋರು ಮಾಡುತ್ತಾರೆ, ಸಹಜ. "ಅಣ್ಣಾ, ನಿಮ್ಮನ್ನು ಅಳೀತಿಲ್ಲ, ಪೀಸ್ ಎಷ್ಟು ಹೊತ್ತು ಇಲ್ಲಿರುತ್ತೆ ಅಂತ ನೋಡ್ತಿದೀವಿ, ಯಾವಾಗಿನ ಹಾಗೇ ಮಾಡಿ" ಅಂತ ಮೊದಲೇ ಹೇಳಬೇಕು. ಹತ್ತು ಪೀಸ್ ನೋಡಿದರೆ ಒಂದು ಲಯ ಸಿಗುತ್ತದೆ. ಒಂದಕ್ಕೆ 26 ಸೆಕೆಂಡ್. ಇದೇ ಸೈಕಲ್ ಟೈಮ್.

ಇನ್ನೂ ಹತ್ತಿರ ನೋಡಿ. ಬಿನ್ ನೆಲದ ಮೇಲಿದೆ. ಅವರು ಪ್ರತಿ ಸಲ ಸೊಂಟ ಬಗ್ಗಿಸುತ್ತಾರೆ. ಒಂದಕ್ಕೊಂದು ಸಿಕ್ಕಿಕೊಂಡ ಬ್ರಾಕೆಟ್‌ಗಳನ್ನು ಜಾಡಿಸಿ ಬಿಡಿಸುತ್ತಾರೆ. ಅದಕ್ಕೇ 6 ಸೆಕೆಂಡ್. ಆಮೇಲೆ ಕ್ಲ್ಯಾಂಪ್ ಮಾಡುತ್ತಾರೆ. ಡ್ರಿಲ್ ಬಿಟ್ ಉಕ್ಕನ್ನು ಕೊರೆಯುವುದು 14 ಸೆಕೆಂಡ್ ಮಾತ್ರ. ಆ 6 ಸೆಕೆಂಡ್ ದಿನಕ್ಕೆ 600 ಸಲ, ಅಂದರೆ ಒಬ್ಬ ಮನುಷ್ಯ ಪೂರ್ತಿ ಒಂದು ಗಂಟೆ ಬರೀ ಬಗ್ಗಿ ಏಳುತ್ತಿದ್ದಾನೆ. ಆ ಸೊಂಟ ಸಂಜೆ ಹೇಗಿರುತ್ತದೆ ಅಂತ ಯಾವ ರಿಪೋರ್ಟಿನಲ್ಲೂ ಬರುವುದಿಲ್ಲ. ಫೈಲ್‌ನಲ್ಲಿ "ಡ್ರಿಲ್ಲಿಂಗ್, 26 ಸೆಕೆಂಡ್" ಅಂತ ಒಂದು ಸಾಲು ಇರುತ್ತದೆ, ಅಷ್ಟೇ.

ಪ್ರತಿ ಕೆಲಸಕ್ಕೂ ಹಾಳೆಯಲ್ಲಿ ಒಂದು ಚೌಕ ಬರೆದು, ಕೆಳಗೆ ಅದರ ವಿವರ ತುಂಬುತ್ತಾರೆ. ನಮ್ಮ ಬ್ರಾಕೆಟ್‌ಗೆ ಪ್ರೆಸ್ 4 ಸೆಕೆಂಡ್, ಡ್ರಿಲ್ಲಿಂಗ್ 26, ವೆಲ್ಡಿಂಗ್ 40, ಅಸೆಂಬ್ಲಿ 50, ಪ್ಯಾಕಿಂಗ್ 20. ಒಟ್ಟು 140 ಸೆಕೆಂಡ್. ಇದರ ಜೊತೆ ಎಷ್ಟು ಜನ, ಮಷಿನ್ ಎಷ್ಟು ಹೊತ್ತು ಸರಿಯಾಗಿ ಓಡುತ್ತದೆ, ಒಂದು ಮಾಡೆಲ್‌ನಿಂದ ಇನ್ನೊಂದಕ್ಕೆ ಬದಲಾಯಿಸಲು ಎಷ್ಟು ಹೊತ್ತು ಅಂತಲೂ ಬರೆಯಬೇಕು. ಕೊನೆಯದಕ್ಕೆ ಚೇಂಜ್‌ಓವರ್ ಅನ್ನುತ್ತಾರೆ. ನಮ್ಮ ಪ್ರೆಸ್‌ಗೆ ಅದು 90 ನಿಮಿಷ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಅಸೆಂಬ್ಲಿ 50 ಸೆಕೆಂಡ್, ಟ್ಯಾಕ್ಟ್ 45 ಸೆಕೆಂಡ್. 600 ಪೀಸಿಗೆ 500 ನಿಮಿಷ ಬೇಕು, ಇರುವುದು 450. ದಿನಾ 50 ನಿಮಿಷ ಓವರ್‌ಟೈಮ್ ಯಾಕೆ ಬೀಳುತ್ತಿತ್ತು ಅನ್ನುವುದಕ್ಕೆ ಇಲ್ಲೇ ಉತ್ತರ ಸಿಕ್ಕಿತು.

ತ್ರಿಕೋನಗಳು ಹೇಳುವ ಕಥೆ

ಎರಡು ಚೌಕಗಳ ನಡುವೆ ಮಾಲು ಬಿದ್ದಿದ್ದರೆ ಅಲ್ಲಿ ಒಂದು ತ್ರಿಕೋನ ಬರೆಯುತ್ತಾರೆ. ಒಳಗೆ ಎಷ್ಟು ಪೀಸ್ ಅಂತ ಎಣಿಸಿ ಹಾಕುತ್ತಾರೆ. ಕಂಪ್ಯೂಟರ್ ತೋರಿಸುವ ಸ್ಟಾಕ್ ಬೇಡ, ಬಿನ್ ನೋಡಿಯೇ ಎಣಿಸಬೇಕು.

ಈಗ ಪೀಸನ್ನು ದಿನಕ್ಕೆ ಬದಲಾಯಿಸುವ ಉಪಾಯ. ಒಂದು ಕೌಂಟರ್ ಮುಂದೆ 30 ಜನ ನಿಂತಿದ್ದಾರೆ, ಒಬ್ಬೊಬ್ಬರಿಗೆ 2 ನಿಮಿಷ ಹಿಡಿಯುತ್ತದೆ. ಕೊನೆಯಲ್ಲಿ ಹೋಗಿ ನಿಂತರೆ ನಿಮ್ಮ ಸರದಿ ಬರುವುದು ಒಂದು ಗಂಟೆ ಕಾದ ಮೇಲೆ. ಹೊರಗಿನ ಸಾಲಿನ ಉದ್ದ ನೋಡಿಯೇ ಕಾಯುವ ಹೊತ್ತು ಹೇಳಿಬಿಡಬಹುದು. ಸಾಲಿನಲ್ಲಿರುವ ಸಂಖ್ಯೆ, ಹೊರಹೋಗುವ ವೇಗ, ಕಾಯುವ ಹೊತ್ತು, ಈ ಮೂರರ ನಂಟನ್ನು 1961ರಲ್ಲಿ ಜಾನ್ ಲಿಟಲ್ ಗಣಿತದಲ್ಲಿ ಸಾಧಿಸಿ ತೋರಿಸಿದರು. ಅದಕ್ಕೇ ಅದನ್ನು ಲಿಟಲ್‌ನ ನಿಯಮ ಅನ್ನುತ್ತಾರೆ. ಬಿನ್‌ಗಳ ಸಾಲಿಗೂ ಇದೇ ನಿಯಮ. ಎಣಿಸಿದ ಪೀಸನ್ನು ದಿನದ ಬೇಡಿಕೆಯಿಂದ ಭಾಗಿಸಿದರೆ ಮುಗಿಯಿತು.

ಸ್ಟೋರ್‌ನಲ್ಲಿ 3,600 ಪೀಸಿಗಾಗುವಷ್ಟು ತಗಡು, 6 ದಿನ. ಪ್ರೆಸ್ ಆದಮೇಲೆ 4,800, ಅಂದರೆ 8 ದಿನ. ಡ್ರಿಲ್ಲಿಂಗ್ ಆದಮೇಲೆ 1,200, 2 ದಿನ. ವೆಲ್ಡಿಂಗ್ ಆದಮೇಲೆ 1,800, 3 ದಿನ. ಅಸೆಂಬ್ಲಿ ಆದಮೇಲೆ 600, 1 ದಿನ. ಡಿಸ್ಪ್ಯಾಚ್‌ನಲ್ಲಿ 2,400, 4 ದಿನ. ಒಟ್ಟು 24 ದಿನ.

ಹಾಳೆಯ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಒಂದು ಗೆರೆ ಎಳೆಯುತ್ತಾರೆ. ಕಾಯುವ ದಿನಗಳು ಒಂದು ಮಟ್ಟದಲ್ಲಿ, ಕೆಲಸದ ಸೆಕೆಂಡುಗಳು ಇನ್ನೊಂದರಲ್ಲಿ. ಕೊನೆಯಲ್ಲಿ ಎರಡೂ ಮೊತ್ತ ಅಕ್ಕಪಕ್ಕ ಕೂರುತ್ತವೆ. ಒಂದು ಕಡೆ 24 ದಿನ, ಇನ್ನೊಂದು ಕಡೆ 2 ನಿಮಿಷ 20 ಸೆಕೆಂಡ್. ತಗಡು ಒಳಗೆ ಬಂದು ಬ್ರಾಕೆಟ್ ಆಗಿ ಹೊರಗೆ ಹೋಗುವ ತನಕದ ಈ 24 ದಿನವೇ ಲೀಡ್ ಟೈಮ್. ಡ್ರಿಲ್ಲಿಂಗ್‌ನಲ್ಲಿ ನೋಡಿದಂತೆ ಆ 140 ಸೆಕೆಂಡೂ ಪೂರ್ತಿ ವ್ಯಾಲ್ಯೂ ಅಲ್ಲ. ದುಬಾರಿ ಹೊಸ ಮಷಿನ್ ತಂದು ವೆಲ್ಡಿಂಗನ್ನು ಅರ್ಧಕ್ಕೆ ಇಳಿಸಿದರೆ 20 ಸೆಕೆಂಡ್ ಉಳಿಯುತ್ತದೆ. 24 ದಿನ ಹಾಗೇ ಇರುತ್ತದೆ.

ಎಲ್ಲರೂ ಹಾರಿಸಿಬಿಡುವ ಮೇಲರ್ಧ

ಇಷ್ಟು ದಿನ ಮಾಲು ಯಾಕೆ ಕಾಯುತ್ತದೆ? ಇದಕ್ಕೆ ಉತ್ತರ ಹಾಳೆಯ ಮೇಲರ್ಧದಲ್ಲಿದೆ. ಕೆಳಗೆ ಮಾಲು ಎಡದಿಂದ ಬಲಕ್ಕೆ ಸಾಗಿದರೆ, ಮೇಲೆ ಮಾಹಿತಿ ಬಲದಿಂದ ಎಡಕ್ಕೆ ಬರುತ್ತದೆ. ಗ್ರಾಹಕ ಆರ್ಡರ್ ಹೇಗೆ ಕೊಡುತ್ತಾನೆ, ಪ್ಲಾನಿಂಗ್‌ನವರು ಅದನ್ನು ಯಾರಿಗೆ ಹೇಳುತ್ತಾರೆ, "ಈಗ ಇದನ್ನು ಮಾಡು" ಅಂತ ಪ್ರತಿ ಮಷಿನ್‌ಗೂ ಹೇಗೆ ಗೊತ್ತಾಗುತ್ತದೆ. ಕಾಗದದಲ್ಲಿ ಹೋದರೆ ನೇರ ಬಾಣ, ಕಂಪ್ಯೂಟರ್‌ನಲ್ಲಿ ಹೋದರೆ ಮಿಂಚಿನ ಆಕಾರದ ಬಾಣ.

ನಮ್ಮ ಬ್ರಾಕೆಟ್ ಲೈನಿನಲ್ಲಿ ಪ್ಲಾನಿಂಗ್‌ನಿಂದ ಐದು ಕಡೆಗೂ ಬೇರೆ ಬೇರೆ ವಾರದ ಪಟ್ಟಿ ಹೋಗುತ್ತದೆ. ಪ್ರೆಸ್‌ನವರು ತಮ್ಮ ಪಟ್ಟಿ ನೋಡಿ ಹೊಡೆಯುತ್ತಾರೆ. ಡ್ರಿಲ್ಲಿಂಗ್‌ನವರು ಬೇರೆ ಏನೋ ಮಾಡುತ್ತಿರುತ್ತಾರೆ, ಆದರೂ ಪ್ರೆಸ್ ನಿಲ್ಲುವುದಿಲ್ಲ. ಮುಂದಿನವರಿಗೆ ಬೇಕೋ ಬೇಡವೋ ಮಾಲು ತಳ್ಳುತ್ತಲೇ ಇರುತ್ತಾರೆ. ಇದಕ್ಕೆ ಪುಶ್ ಅನ್ನುತ್ತಾರೆ. ನಡುವೆ ಗ್ರಾಹಕನ ಫೋನ್ ಬಂದು ಆರ್ಡರ್ ಬದಲಾದರೆ ಪಟ್ಟಿ ಸುಳ್ಳಾಗುತ್ತದೆ. ಆಗ ಸೂಪರ್‌ವೈಸರ್ ಬಿನ್‌ಗಳ ನಡುವೆ ಓಡಾಡಿ ಯಾವುದು ಕಮ್ಮಿ ಇದೆ ಅಂತ ಕಣ್ಣಳತೆಯಲ್ಲಿ ನೋಡಿ ಕೆಲಸ ಹೇಳುತ್ತಾರೆ. ಈ ಓಡಾಟಕ್ಕೂ ನಕ್ಷೆಯಲ್ಲಿ ಗುರುತು ಇದೆ, ಒಂದು ಕನ್ನಡಕ. ಕನ್ನಡಕದ ಗುರುತು ಎಷ್ಟು ಜಾಸ್ತಿ ಇದೆಯೋ, ಪಟ್ಟಿಯನ್ನು ನಂಬುವವರು ಅಷ್ಟು ಕಮ್ಮಿ ಅಂತ ಲೆಕ್ಕ.

ತುಂಬಾ ಕಡೆ ಕೆಳಗಿನ ಅರ್ಧ ಬಿಡಿಸಿ ಕೈ ತೊಳೆದುಕೊಳ್ಳುತ್ತಾರೆ. ಹಾಗೆ ಮಾಡಿದರೆ ಗುಡ್ಡೆ ಎಲ್ಲಿದೆ ಅಂತ ಗೊತ್ತಾಗುತ್ತದೆ, ಯಾಕೆ ಇದೆ ಅಂತ ಗೊತ್ತಾಗುವುದಿಲ್ಲ. ಗುಡ್ಡೆ ತೆಗೆದರೂ ಅದೇ ಪಟ್ಟಿ ಅದನ್ನು ಮತ್ತೆ ಕಟ್ಟುತ್ತದೆ.

ಮುಂದೆ ಹೀಗಿರಲಿ ಅನ್ನುವ ನಕ್ಷೆ

ಇಲ್ಲಿತನಕ ಬಿಡಿಸಿದ್ದು ಈಗಿನ ಸ್ಥಿತಿ. ಇದರ ಮೇಲೆ ಇನ್ನೊಂದು ಹಾಳೆಯಲ್ಲಿ ಮುಂದಿನ ಸ್ಥಿತಿ ಬಿಡಿಸಬೇಕು. ಅದಿಲ್ಲದಿದ್ದರೆ ಮೊದಲನೆಯದು ಬರೀ ಗೋಡೆಯ ಚಿತ್ರ.

ಮೊದಲು 90 ನಿಮಿಷದ ಚೇಂಜ್‌ಓವರ್. ಡೈ ಬದಲಾಯಿಸಲು ಒಂದೂವರೆ ಗಂಟೆ ಆಗುವಾಗ ಯಾರಿಗೇ ಆದರೂ "ಹೇಗೂ ಸೆಟ್ ಮಾಡಿದೀವಿ, ವಾರಕ್ಕಾಗುವಷ್ಟು ಹೊಡೆದುಬಿಡೋಣ" ಅನ್ನಿಸುತ್ತದೆ. 8 ದಿನದ ಗುಡ್ಡೆ ಹುಟ್ಟಿದ್ದು ಹೀಗೆ, ಆಪರೇಟರ್ ತಪ್ಪಿನಿಂದ ಅಲ್ಲ. ಇದಕ್ಕೆ ದಾರಿ ತೋರಿಸಿದವರು ಜಪಾನಿನ ಎಂಜಿನಿಯರ್ ಶಿಗೆಯೋ ಶಿಂಗೊ. ಮಷಿನ್ ನಿಂತಾಗಲೇ ಮಾಡಬೇಕಾದ ಕೆಲಸ ಯಾವುದು, ಓಡುವಾಗಲೇ ಮಾಡಿಟ್ಟುಕೊಳ್ಳಬಹುದಾದ್ದು ಯಾವುದು ಅಂತ ಬೇರೆ ಮಾಡಿ ಅಂದರು ಅವರು. ಮುಂದಿನ ಡೈ ತಂದು ಪಕ್ಕದಲ್ಲಿಡುವುದು, ಬೋಲ್ಟ್, ಸ್ಪ್ಯಾನರ್ ಹೊಂದಿಸಿಡುವುದು, ಇವಕ್ಕೆ ಪ್ರೆಸ್ ನಿಲ್ಲಬೇಕಿಲ್ಲ ಅಲ್ವಾ? ಹೀಗೆ 90 ನಿಮಿಷ 15ಕ್ಕೆ ಇಳಿಯಿತು ಅನ್ನಿ. 8 ದಿನಕ್ಕೊಮ್ಮೆ 4,800 ಹೊಡೆಯುವ ಬದಲು 2 ದಿನಕ್ಕೊಮ್ಮೆ 1,200 ಹೊಡೆಯಬಹುದು. 8 ದಿನದಲ್ಲಿ ನಾಲ್ಕು ಸಲ ಡೈ ಬದಲಾಯಿಸಿದರೂ ಒಟ್ಟು 60 ನಿಮಿಷ. ಮೊದಲಿನ ಒಂದೇ ಸಲಕ್ಕಿಂತ ಕಮ್ಮಿ!

ಆಮೇಲೆ ಡ್ರಿಲ್ಲಿಂಗ್, ವೆಲ್ಡಿಂಗ್, ಅಸೆಂಬ್ಲಿ, ಪ್ಯಾಕಿಂಗ್ ನಾಲ್ಕನ್ನೂ ಅಕ್ಕಪಕ್ಕ ತಂದು, ಒಂದು ಪೀಸ್ ಮುಗಿದ ಕೂಡಲೇ ಮುಂದಿನವರ ಕೈಗೆ ಹೋಗುವಂತೆ ಮಾಡಿದರೆ ನಡುವಿನ ಮೂರು ತ್ರಿಕೋನ ಅಳಿಸಿ ಹೋಗುತ್ತವೆ. 6 ದಿನ ಅಲ್ಲಿಗೇ ಉಳಿಯಿತು.

ಪ್ರೆಸ್‌ನಲ್ಲಿ ಬೇರೆ ಪಾರ್ಟುಗಳೂ ಆಗುತ್ತವೆ, ಅದನ್ನು ಈ ಸಾಲಿಗೆ ಸೇರಿಸಲು ಬರುವುದಿಲ್ಲ. ಹಾಗಾಗಿ ಅದರ ಮುಂದೆ ಅಳತೆ ಕಟ್ಟಿದ ಒಂದು ಸಣ್ಣ ದಾಸ್ತಾನು ಇಡುತ್ತಾರೆ. ಇದರ ಹೆಸರೇ ಸೂಪರ್‌ಮಾರ್ಕೆಟ್. ಗಿರಾಕಿ ಬೇಕಾದಷ್ಟು ಎತ್ತಿಕೊಂಡ ಮೇಲೆ ಖಾಲಿಯಾದಷ್ಟನ್ನೇ ತುಂಬುವ ಅಮೆರಿಕದ ಸೂಪರ್‌ಮಾರ್ಕೆಟ್ ಕ್ರಮದಿಂದ ಓನೋಗೆ ಈ ಯೋಚನೆ ಬಂದಿತ್ತು. ಪ್ರತಿ ಬಿನ್‌ಗೆ ಒಂದು ಕಾರ್ಡ್, ಅದೇ ಕಾನ್‌ಬಾನ್. ಬಿನ್ ಎತ್ತಿಕೊಂಡಾಗ ಕಾರ್ಡ್ ಪ್ರೆಸ್‌ಗೆ ವಾಪಸ್ ಹೋಗುತ್ತದೆ. ಕಾರ್ಡ್ ಬಂದರೆ ಹೊಡಿ, ಬರದಿದ್ದರೆ ಹೊಡೆಯಬೇಡ. ಇದು ಪುಲ್. ಪ್ಲಾನಿಂಗ್‌ನ ಪಟ್ಟಿ ಈಗ ಒಂದೇ ಜಾಗಕ್ಕೆ ಹೋದರೆ ಸಾಕು.

ತಗಡನ್ನು ಆಗಾಗ ತರಿಸಿ 2 ದಿನಕ್ಕಿಳಿಸಿ, ಪ್ರೆಸ್ ಮುಂದೆ 2 ದಿನ, ಡಿಸ್ಪ್ಯಾಚ್‌ನಲ್ಲಿ 2 ದಿನ ಇಟ್ಟರೆ ಒಟ್ಟು 6 ದಿನ. 24ರಿಂದ 6. ಇದರಲ್ಲಿ ಯಾರಿಗೂ "ಜೋರಾಗಿ ಕೆಲಸ ಮಾಡು" ಅಂತ ಹೇಳಬೇಕಾಗಿ ಬಂದಿಲ್ಲ.

ಜನರ ಮನಸ್ಸಿನಲ್ಲಿರುವ ಪ್ರಶ್ನೆ

ಒಂದು ಲೆಕ್ಕವನ್ನು ಮುಚ್ಚಿಡಬಾರದು. ಪ್ರೆಸ್ ಬಿಟ್ಟು ಉಳಿದ ನಾಲ್ಕು ಕೆಲಸ ಸೇರಿ 136 ಸೆಕೆಂಡ್. 45ರಿಂದ ಭಾಗಿಸಿದರೆ ಮೂರಕ್ಕಿಂತ ಕೂದಲೆಳೆ ಜಾಸ್ತಿ. ಡ್ರಿಲ್ಲಿಂಗ್‌ನ ಆ 6 ಸೆಕೆಂಡ್, ಪ್ಯಾಕಿಂಗ್‌ನ ಓಡಾಟದ 4 ಸೆಕೆಂಡ್ ತೆಗೆದರೆ 126. ಮೂವರಿಗೆ ತಲಾ 42 ಸೆಕೆಂಡ್. ಈಗ ಅಲ್ಲಿ ನಾಲ್ಕು ಜನ ಇದ್ದಾರೆ. ನಾಲ್ಕನೆಯವರ ಕಥೆ ಏನು?

ಸ್ಟಾಪ್‌ವಾಚ್ ಕಂಡರೆ ಲೈನಿನವರಿಗೆ ಹೆದರಿಕೆ ಆಗುವುದು ಇದಕ್ಕೇ. ಉತ್ತರವನ್ನು ಹಾಳೆ ಹಿಡಿಯುವ ಮೊದಲೇ, ಜೋರಾಗಿ ಹೇಳಬೇಕು: ಇದರಿಂದ ಯಾರ ಕೆಲಸವೂ ಹೋಗುವುದಿಲ್ಲ, ಉಳಿದ ಕೈಗಳು ಡೈ ಹೊಂದಿಸಲು, ಹೊಸ ಆರ್ಡರ್‌ಗೆ, ಇನ್ನೊಂದು ಲೈನಿಗೆ ಹೋಗುತ್ತವೆ ಅಂತ. ಹೇಳಿದಂತೆ ನಡೆದುಕೊಳ್ಳಬೇಕು. ಒಂದು ಸಲ ಮಾತು ತಪ್ಪಿದರೆ ಮುಂದಿನ ಸಲ ಯಾರೂ ನಿಜವಾದ ಸಮಯ ತೋರಿಸುವುದಿಲ್ಲ.

ಕಲಿಯುವಾಗ ಎಡವುವ ಜಾಗ

ಮೊದಲೇ ಕಂಪ್ಯೂಟರ್‌ನಲ್ಲಿ ಬಿಡಿಸಲು ಕೂರಬೇಡಿ. ಚಿತ್ರ ಚೆಂದ ಬರುತ್ತದೆ, ಕಣ್ಣು ಪರದೆ ಮೇಲೇ ಇರುತ್ತದೆ. ಪೆನ್ಸಿಲ್ ಹಿಡಿದು ನಿಂತಲ್ಲೇ ಬರೆಯಿರಿ, ತಪ್ಪಾದರೆ ಅಳಿಸಿ. ಒಬ್ಬೊಬ್ಬರು ಒಂದೊಂದು ಭಾಗ ಹಂಚಿಕೊಳ್ಳಬೇಡಿ. ಬಂದವರೆಲ್ಲ ಪೂರ್ತಿ ದಾರಿ ನಡೆಯಲಿ, ಇಲ್ಲದಿದ್ದರೆ ನಡುವಿನ ಗುಡ್ಡೆ ಯಾರ ಪಾಲಿಗೂ ಬರುವುದಿಲ್ಲ.

ಇದಕ್ಕೆ ಮಿತಿಯೂ ಇದೆ. ಪ್ರತಿ ಆರ್ಡರ್ ಬೇರೆ, ಪ್ರತಿ ಸಲ ದಾರಿ ಬೇರೆ ಇರುವ ವರ್ಕ್‌ಶಾಪ್‌ನಲ್ಲಿ ಈ ನಕ್ಷೆ ಅಷ್ಟು ಸುಲಭಕ್ಕೆ ಕೂರುವುದಿಲ್ಲ. ನಕ್ಷೆ ಆ ದಿನದ ಒಂದು ಫೋಟೋ ಇದ್ದ ಹಾಗೆ, ನಾಳೆಯ ಏರುಪೇರು ಅದರಲ್ಲಿ ಕಾಣುವುದಿಲ್ಲ. ಅದಕ್ಕೇ ಕೆಲವು ತಿಂಗಳು ಬಿಟ್ಟು ಮತ್ತೆ ಪೆನ್ಸಿಲ್ ಹಿಡಿದು ನಡೆಯಬೇಕು.

ಹಾಗೆ ನಡೆದಾಗ ಪ್ರೆಸ್ ಮುಂದೆ 1,200ರ ಬದಲು 1,500 ಸಿಗಬಹುದು. ಬಿನ್‌ಗಳನ್ನು ಒಂದೊಂದಾಗಿ ಎಣಿಸುತ್ತಾ ಹೋದರೆ ಗೋಡೆ ಪಕ್ಕ ಕಾರ್ಡ್ ಇಲ್ಲದ ಮೂರು ಬಿನ್. ಕೇಳಿದರೆ ಪ್ರೆಸ್‌ನವರು, "ಹೋದ ವಾರ ತಗಡು ಒಂದು ದಿನ ತಡವಾಗಿ ಬಂತು ಸರ್, ಮತ್ತೆ ಹಾಗಾದ್ರೆ ಇರಲಿ ಅಂತ ಹೊಡೆದಿಟ್ವಿ" ಅನ್ನುತ್ತಾರೆ. ಹೊಸ ಹಾಳೆಯಲ್ಲಿ ಮೊದಲ ಗುರುತು ಬೀಳುವುದು ಪ್ರೆಸ್‌ನ ಮೇಲೆ ಅಲ್ಲ, ತಗಡು ತರುವ ಲಾರಿಯ ಮೇಲೆ.